ಮೀಟರ್ ಎಲ್ಲಿಟ್ಟು ನೋಡಿದಿರಿ?

ಕೇಳುಗರಿಗೆ ನಮಸ್ಕಾರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಗೆಳೆಯರು ಇಬ್ಬರು ಸೇರಿದರೆ ಸಾಕು, ಆಂಟೆನಾದ ಎಸ್‌ಡಬ್ಲ್ಯೂಆರ್ ಎಷ್ಟು ಅನ್ನೋ ಮಾತು ಬಂದೇ ಬರುತ್ತದೆ. ಕೊಟ್ಟ ಪವರನ್ನು ಆಂಟೆನಾ ಎಷ್ಟು ಚೆನ್ನಾಗಿ ತೆಗೆದುಕೊಳ್ಳುತ್ತದೆ ಅಂತ ಹೇಳುವ ಅಂಕಿ ಅದು. 1 ಇದ್ದರೆ ಏನೂ ವಾಪಸಾಗುವುದಿಲ್ಲ, ಅಂಕಿ ಏರಿದಷ್ಟೂ ವಾಪಸಾಗುವುದು ಹೆಚ್ಚು. ಒಂದೂವರೆ ಅಂದರೆ ಇಬ್ಬರಿಗೂ ಸಮಾಧಾನ. ನನಗೆ ಮಾತ್ರ, ಮೀಟರ್ ಎಲ್ಲಿಟ್ಟು ನೋಡಿದಿರಿ ಅಂತ ಕೇಳಬೇಕು ಅನ್ನಿಸುತ್ತದೆ.

ಮೀಟರ್ ನೋಡುವುದು ಆಂಟೆನಾ ಕಡೆ ಹೋಗುವ ಪವರ್ ಎಷ್ಟು, ವಾಪಸ್ ಬರುವುದು ಎಷ್ಟು ಅಂತ. ಎಸ್‌ಡಬ್ಲ್ಯೂಆರ್ 1.5 ಇದ್ದರೆ ವಾಪಸಾಗುವುದು ನೂರಕ್ಕೆ 4 ಪಾಲು. 2 ಇದ್ದರೆ 11, 3 ಇದ್ದರೆ 25. ಆದರೆ ನಡುವೆ ಕೇಬಲ್ ಇದೆ, ಅಲ್ವಾ? ಅದು ಹೋಗುವಾಗಲೂ ಪವರ್ ತಿನ್ನುತ್ತದೆ, ಬರುವಾಗಲೂ ತಿನ್ನುತ್ತದೆ.

ಲೆಕ್ಕ ಹಾಕೋಣ. 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 15 ಮೀಟರ್ ಆರ್‌ಜಿ-58 ಅನ್ನೋ ತೆಳು ಕೋಆಕ್ಸಿಯಲ್ ಕೇಬಲ್ ಅರ್ಧ ಪವರ್ ನುಂಗಿಬಿಡುತ್ತದೆ. 10 ವಾಟ್ ಕೊಟ್ಟರೆ ಆ ತುದಿಗೆ ಸೇರುವುದು 5. ಅಲ್ಲಿ ಆಂಟೆನಾನೇ ಇಲ್ಲ ಅಂದುಕೊಳ್ಳಿ. ಆ 5 ವಾಟ್ ಪೂರ್ತಿ ತಿರುಗಿ ಹೊರಟು, ರೇಡಿಯೊ ಸೆಟ್ ಹತ್ತಿರ ಬರುವ ಹೊತ್ತಿಗೆ ಎರಡೂವರೆ ಆಗಿರುತ್ತದೆ. ಹತ್ತಕ್ಕೆ ಎರಡೂವರೆ, ಅಂದರೆ ನೂರಕ್ಕೆ 25, ಹಾಗಾಗಿ ಸೆಟ್ ಬಳಿಯ ಮೀಟರ್ 3 ತೋರಿಸುತ್ತದೆ. ಆಂಟೆನಾ ಇಲ್ಲದೆಯೇ! ನಿಜವಾಗಿ 3 ಇರುವ ಆಂಟೆನಾ ಹಾಕಿದರೆ 1.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೇಬಲ್ ಒಳಗೆ ನೀರು ಹೊಕ್ಕರಂತೂ ಪವರ್ ಇನ್ನೂ ಹೆಚ್ಚು ನಷ್ಟವಾಗಿ, ಎಸ್‌ಡಬ್ಲ್ಯೂಆರ್ ಇನ್ನೂ 'ಚೆನ್ನಾಗಿ' ಕಾಣುತ್ತದೆ.

ಹಾಗಾಗಿ ಆದಷ್ಟು ಆಂಟೆನಾದ ಬುಡದಲ್ಲೇ ಅಳೆಯಿರಿ. ಆದರೆ ಸೆಟ್‌ನಿಂದ ಪವರ್ ಬಿಟ್ಟು ಆಂಟೆನಾ ಹತ್ತಿರ ನಿಲ್ಲಬೇಡಿ. ಈ ಕೆಲಸಕ್ಕೆ, ತಾನೇ ತೀರಾ ಸಣ್ಣ ಸಿಗ್ನಲ್ ಬಿಟ್ಟು ಅಳೆಯುವ ಆಂಟೆನಾ ಅನಲೈಸರ್ ಒಳ್ಳೆಯದು. ನ್ಯಾನೋವಿಎನ್‌ಎ ಅನ್ನೋ ಪುಟ್ಟ ಅನಲೈಸರ್ ಥರದ್ದು ಇದ್ದರೆ ಕೇಬಲ್‌ನ ಆಂಟೆನಾ ಕಡೆಯ ತುದಿಯಲ್ಲೇ ಓಪನ್ (ತೆರೆದ ತುದಿ), ಶಾರ್ಟ್ (ಒಳಗಿನ ತಂತಿಯನ್ನೂ ಹೊರಗಿನ ಹೊದಿಕೆಯನ್ನೂ ಸೇರಿಸಿದ ತುದಿ), 50 ಓಮ್ ಲೋಡ್ ಮೂರನ್ನೂ ಒಂದೊಂದಾಗಿ ಹಾಕಿ ಕ್ಯಾಲಿಬ್ರೇಟ್ ಮಾಡಿ. ಆಗ ಕೇಬಲ್‌ನ ನಷ್ಟ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಮೀಟರನ್ನೂ ಸುಮ್ನೆ ನಂಬಬೇಡಿ. ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್, ಅಂದರೆ ಪವರ್ ನುಂಗುವ ರೆಸಿಸ್ಟರ್, ಹಾಕಿದರೆ 1 ಬರಬೇಕು, 100 ಓಮ್ ಹಾಕಿದರೆ 2. ತಂತಿ ಸುತ್ತಿದ ರೆಸಿಸ್ಟರ್ ಇದಕ್ಕೆ ಆಗದು. ಡಯೋಡ್ ಇರುವ ಮೀಟರ್‌ಗಳಲ್ಲಿ ಪವರ್ ತೀರಾ ಕಡಿಮೆ ಇದ್ದರೆ, ವಾಪಸ್ ಬರುವ ಚೂರುಪಾರು ಡಯೋಡ್‌ಗೆ ಗೊತ್ತೇ ಆಗುವುದಿಲ್ಲ. ಓದಿಕೆ ಸುಳ್ಳೇ ಇಳಿದಿರುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಅನಲೈಸರ್ ನೋಡುತ್ತಾ ಕೇಬಲ್ ಮೇಲೆ ಕೈಯಾಡಿಸಿ. ಓದಿಕೆ ಅಲ್ಲಾಡಿತೇ? ಹಾಗಿದ್ದರೆ ಕೇಬಲ್‌ನ ಹೊರಮೈಯೂ ಆಂಟೆನಾದ ಭಾಗವಾಗಿ ಕೆಲಸ ಮಾಡುತ್ತಿದೆ. ಆಂಟೆನಾ ಬುಡದಲ್ಲಿ, ಹೊರಮೈಯ ಕರೆಂಟನ್ನು ತಡೆಯುವ ಫೆರೈಟ್ ಚೋಕ್ ಹಾಕಿ, ಮತ್ತೆ ಅಳೆಯಿರಿ. ಎಸ್‌ಡಬ್ಲ್ಯೂಆರ್ ಸರಿಪಡಿಸಲು ಆಂಟೆನಾ ತಂತಿ ಕತ್ತರಿಸುವುದೇನಿದ್ದರೂ ಅದಾದ ಮೇಲೆ.