ರೊಟ್ಟಿ ಹಂಚಿನ ಕೆಳಗೆ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪರಿಸರಸ್ನೇಹಿ ಮನೆಯ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆ ಮೇಲೆ ಹಾಲು ಉಕ್ಕಿತೆಂದು ನೀವು ನಡುವೆ ಎದ್ದು ಹೋದರೂ ನಷ್ಟವಾಗಬಾರದು ನೋಡಿ. ಬಿಸಿಲನ್ನು ಹೊರಗೇ ನಿಲ್ಲಿಸಿ. ಅಷ್ಟೇ. ಒಳಗೆ ಬಿಟ್ಟುಕೊಂಡು ಆಮೇಲೆ ಅದರ ಜೊತೆ ಜಗಳ ಆಡಬೇಡಿ.

ಈಗ ಇದನ್ನು ಕೇಳುತ್ತಿರುವವರು ಯಾರು ಎಂದು ನನಗೆ ಗೊತ್ತು. ಬಳ್ಳಾರಿ, ಸಿರುಗುಪ್ಪ, ಕೊಪ್ಪಳ, ರಾಯಚೂರು ಕಡೆಯವರು. ಮೂವತ್ತು ನಲವತ್ತರ ಸೈಟಿನಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಸಾಲ ಮಾಡಿ ಆರ್‌ಸಿಸಿ ಮನೆ ಕಟ್ಟಿದವರು. ಈಗ ಸಾಲ ತೀರಿದೆ, ಕೈಯಲ್ಲಿ ಸ್ವಲ್ಪ ದುಡ್ಡಿದೆ, ಮನೆಗೆ ಏನಾದರೂ ಮಾಡಿಸೋಣ ಎಂದು ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದೀರಿ. ನಾನು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಸಿವಿಲ್ ಪಾಠ ಹೇಳಿದವನು. ಮದುವೆ ಮನೆಗೆ ಹೋದರೂ ಯಾರಾದರೂ ಎಲೆ ಮುಂದೆಯೇ ಕೇಳುತ್ತಾರೆ: "ಸಾರ್, ಫಾಲ್ಸ್ ಸೀಲಿಂಗ್ ಮಾಡಿಸಲಾ? ಮುಂದುಗಡೆ ಗ್ಲಾಸ್ ಹಾಕಿಸಿದರೆ ಹೇಗೆ? ಗ್ರೀನ್ ಹೋಮ್ ಅಂತಾರಲ್ಲ, ಅದಕ್ಕೆ ಯಾವ ಪೇಂಟ್?" ಸ್ವಾಮಿ, ಹಸಿರು ಬಣ್ಣ ಬಳಿದರೆ ಮನೆ ಹಸಿರಾಗುವುದಿಲ್ಲ. ಮೊದಲು ಒಂದು ಸಲ ತಾರಸಿ ಹತ್ತಿ ನೋಡಿ.

ತಾರಸಿಯನ್ನೇ ಯಾಕೆ ಹಿಡಿದುಕೊಂಡೆ ಎಂದರೆ, ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಮಟಮಟ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಇರುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟರೆ ಅದರ ನೆರಳು ಬುಡ ಬಿಟ್ಟು ಆಚೆ ಬರುವುದಿಲ್ಲ. ಆ ಹೊತ್ತಿನಲ್ಲಿ ಗೋಡೆಗೆ ಬಿಸಿಲು ತಾಗುವುದು ಅಷ್ಟಕ್ಕಷ್ಟೇ, ಬೀಳುವುದೆಲ್ಲ ತಾರಸಿಗೆ. ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಅಂದರೆ ಒಂದು ಇಸ್ತ್ರಿ ಪೆಟ್ಟಿಗೆ. ನಿಮ್ಮದು 1000 ಚದರಡಿ ತಾರಸಿ ಆಗಿದ್ದರೆ, ತೊಂಬತ್ತಕ್ಕೂ ಮೇಲೆ ಇಸ್ತ್ರಿ ಪೆಟ್ಟಿಗೆಗಳನ್ನು ಸಾಲಾಗಿ ಕಾಯಿಸಿ ತಲೆ ಮೇಲೆ ಇಟ್ಟುಕೊಂಡು ನೀವು ಊಟಕ್ಕೆ ಕೂತಿದ್ದೀರಿ. ಕೆಳಗೆ ಎಷ್ಟು ಫ್ಯಾನ್ ಹಾಕಿದರೇನು?

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ. ನಮ್ಮ ದೊಡ್ಡಮ್ಮ. ಆ ಕತೆ ಹೇಳಲೇಬೇಕು.

ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ದೊಡ್ಡಮ್ಮನ ಮನೆ. ಮಾಳಿಗೆ ಮನೆ. ಈಗಿನ ಹುಡುಗರಿಗೆ ಮಾಳಿಗೆ ಎಂದರೆ ಮಹಡಿ ಎಂದಷ್ಟೇ ಗೊತ್ತು. ನಮ್ಮ ಕಡೆಯ ಮಾಳಿಗೆ ಮನೆಯೇ ಬೇರೆ. ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಮೇಲೆ ಗೇಣುದ್ದ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು, ಅಂದರೆ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಕರಲು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ನಡುಮನೆಯ ಮೇಲೆ ಒಂದು ಬೆಳಕಿಂಡಿ. ಹೊಗೆ ಹೊರಗೆ, ಬೆಳಕು ಒಳಗೆ. ಹೊರಗೆ 42 ಡಿಗ್ರಿ ಇದ್ದರೂ ಆ ನಡುಮನೆಯ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಸಂಜೆವರೆಗೂ ಎಚ್ಚರ ಆಗುತ್ತಿರಲಿಲ್ಲ.

2006ರಲ್ಲಿ ನಮ್ಮಣ್ಣ, ಅಂದರೆ ದೊಡ್ಡಮ್ಮನ ಮಗ, ಅದನ್ನು ಕೆಡವಿಸಿದ. ಪ್ರತಿ ವರ್ಷ ಮಣ್ಣು ಹೊರುವವರು ಸಿಗುವುದಿಲ್ಲ, ತೊಲೆಗೆ ಗೆದ್ದಲು ಹಿಡಿದಿದೆ ಎಂದ. ಅವನದ್ದೂ ತಪ್ಪಲ್ಲ. ಆ ವರ್ಷ ಭತ್ತ ಚೆನ್ನಾಗಿ ಬಂದಿತ್ತು, ಆರ್‌ಸಿಸಿ ಮನೆ ಎದ್ದಿತು. ಪಡುವಣಕ್ಕೆ ಮುಖ, ಮುಂದೆ ನೀಲಿ ಗಾಜು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಂಡು, ಪ್ಲಾನ್ ಚೆನ್ನಾಗಿದೆ ಎಂದು ಹೊಗಳಿ ಬಂದೆ. ಪ್ಲಾನ್ ನಂದೇ ಆಗಿತ್ತು, ಅದನ್ನೂ ಹೇಳಿಬಿಡಬೇಕು.

ಮೊದಲ ಬೇಸಿಗೆಗೇ ದೊಡ್ಡಮ್ಮ ಹೊರಸು ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋದರು. ಎರಡನೇ ಬೇಸಿಗೆಗೂ ಅಷ್ಟೇ. ಊರಲ್ಲಿ ಮಾತು. ಹೊಸ ಮನೆಯಲ್ಲಿ ಸೊಸೆ ಅತ್ತೆಗೆ ಜಾಗ ಕೊಡಲಿಲ್ಲವಂತೆ ಎಂದು. ಅಣ್ಣ ನನಗೆ ಫೋನ್ ಮಾಡಿದ: "ನೀನೇ ಬಂದು ಹೇಳು." ಹೋದೆ. ದೊಡ್ಡ ಇಂಜಿನಿಯರ್ ಅಲ್ಲವೇ, ಎಸಿ ಹಾಕಿಸು ಎಂದೆ. ಒಂದೂವರೆ ಟನ್ನಿನ ಎಸಿ ಬಂತು. ರಾತ್ರಿಗೆ ಹತ್ತು ಯೂನಿಟ್ ಕರೆಂಟ್ ತಿನ್ನುತ್ತಿತ್ತು. ಹಳ್ಳಿಯ ವೋಲ್ಟೇಜು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಸಿ ನಿಂತ ಹತ್ತೇ ನಿಮಿಷಕ್ಕೆ ಕೋಣೆ ಮತ್ತೆ ಕುದಿಯುತ್ತಿತ್ತು.

ಆ ರಾತ್ರಿ ದೊಡ್ಡಮ್ಮ ನನ್ನನ್ನು ಕರೆದು ಒಂದು ಸ್ಟೂಲ್ ಕೊಟ್ಟರು. "ಹತ್ತು" ಎಂದರು. ಹತ್ತಿದೆ. "ಮ್ಯಾಲೆ ಕೈ ಇಡು." ಸೀಲಿಂಗಿಗೆ ಅಂಗೈ ಇಟ್ಟೆ. ರಾತ್ರಿ ಹತ್ತು ಗಂಟೆ. ಸೂರ್ಯ ಮುಳುಗಿ ಮೂರು ಗಂಟೆ ಮೇಲಾಗಿತ್ತು. ಅಂಗೈ ಚುರ್ ಎನ್ನಲಿಲ್ಲ, ನಿಜ. ಆದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು.

"ಏನಪ್ಪಾ ಇಂಜಿನೀರ, ರೊಟ್ಟಿ ಹಂಚು ಇದ್ದಂಗ ಐತಲ್ಲ. ಹಂಚಿನ ಕೆಳಗ ನಾನು ಮಲಗಬೇಕೇನು? ಒಲಿ ಆರಸೂದು ಬಿಟ್ಟು ಹಂಚಿಗೆ ಗಾಳಿ ಹಾಕ್ತೀಯಲ್ಲೋ ನೀನು."

ಮೂವತ್ತು ವರ್ಷ ಪಾಠ ಹೇಳಿದೆ, ಇದಕ್ಕಿಂತ ಚೆನ್ನಾಗಿ ಒಂದು ದಿನವೂ ಹೇಳಲಿಲ್ಲ. ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ, ಸಂಜೆಯಿಂದ ಅದನ್ನು ಕೆಳಗೆ ಬಿಡುತ್ತದೆ. ನಾವು ಮಲಗುವ ಹೊತ್ತಿಗೆ ಸರಿಯಾಗಿ.

ಮಾರನೇ ದಿನ ದೊಡ್ಡಮ್ಮನ ಸಲಹೆ: ಮೇಲೆ ಕರಲು ಹಾಕಿಸು. ಲೆಕ್ಕ ಹಾಕಿದೆ. ಅರ್ಧ ಅಡಿ ಮಣ್ಣು ಎಂದರೆ ಚದರ ಮೀಟರಿಗೆ 240 ಕಿಲೋ ಭಾರ. ಮನೆಯ ತಾರಸಿಯನ್ನು ನಾವು ಚದರ ಮೀಟರಿಗೆ 150 ಕಿಲೋ ಹೊರೆಗೆ ಲೆಕ್ಕ ಹಾಕಿ ಕಟ್ಟುವುದು. ಆಗುವುದಿಲ್ಲ ಎಂದೆ. "ಹಂಗಾರ ಸುಣ್ಣ ಬಳಿ" ಎಂದರು, ಇದೇನು ದೊಡ್ಡ ವಿಷಯ ಎಂಬಂತೆ.

ಸುಣ್ಣ ತಂದೆವು. ಅಣ್ಣ, ನಾನು, ಅವನ ಮಗ. ಗಟ್ಟಿಯಾಗಿ ಕಲಸಿ ದಪ್ಪಗೆ ಬಳಿಯುತ್ತಾ ಹೋದೆವು, ಅರ್ಧ ತಾರಸಿಗೇ ಸುಣ್ಣ ಮುಗಿಯಿತು. ಭಾನುವಾರ, ಅಂಗಡಿ ಮುಚ್ಚಿತ್ತು. ಅದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಮಾರನೇ ಮಧ್ಯಾಹ್ನ ಮೂರಕ್ಕೆ ಅಣ್ಣನ ಮಗ ಬರಿಗಾಲಲ್ಲಿ ಗಾಳಿಪಟ ಹಿಡಿದು ಮೇಲೆ ಓಡಿದ. ಬಿಳಿ ಕಡೆ ಆರಾಮಾಗಿ ನಿಂತಿದ್ದವನು ಗಾಳಿಪಟದ ಹಿಂದೆ ಬೂದು ಕಡೆಗೆ ಹೋದವನೇ, ಕಾಲು ಕಾಲು ಎತ್ತಿ ಕುಣಿಯುತ್ತಾ ವಾಪಸ್ ಬಿಳಿಗೆ ಬಂದು ಬಿದ್ದ. ನಾನು ಕಾಲೇಜಿಂದ ತಂದಿದ್ದ ಥರ್ಮಾಮೀಟರ್ ಹಿಡಿದು ಕೆಳಗೆ ಹೋದೆ. ಬೂದು ಭಾಗದ ಕೆಳಗಿನ ಸೀಲಿಂಗ್ 44 ಡಿಗ್ರಿ. ಬಿಳಿಯ ಕೆಳಗೆ 37. ಒಂದೇ ಮನೆ, ಒಂದೇ ಸಿಮೆಂಟು, ನಡುವೆ ಒಂದು ಗೋಡೆ. ದೊಡ್ಡಮ್ಮ ಅಂಕಿ ಕೇಳಲಿಲ್ಲ. ಸಂಜೆ ನೋಡಿದರೆ ಹೊರಸು ಬಿಳಿ ಕಡೆಯ ಕೋಣೆಯಲ್ಲಿತ್ತು.

ಸಿಮೆಂಟಿನ ಬೂದು ತಾರಸಿ ಮೇಲೆ ಬಿದ್ದ ಬಿಸಿಲಲ್ಲಿ ಅರ್ಧಕ್ಕೂ ಹೆಚ್ಚನ್ನು ನುಂಗುತ್ತದೆ. ಹೊಸ ಸುಣ್ಣ ಬಳಿದದ್ದು ಮುಕ್ಕಾಲು ಪಾಲಿನಷ್ಟನ್ನು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿತು. ಅಹಮದಾಬಾದಿನಲ್ಲಿ ಕೊಳೆಗೇರಿ ಮನೆಗಳ ಮೇಲೆ ಬಿಳಿ ಬಳಿದರು. ಖರ್ಚು ಮಾಡುವ ಶಕ್ತಿ ಇದ್ದವರು ಬಿಳಿ ಟೈಲ್ಸ್ ಚೂರು ಹಾಕಿಸಿ, ಇಪ್ಪತ್ತು ವರ್ಷ ಚಿಂತೆ ಇಲ್ಲ. ಅದೂ ಬೇಡ ಎಂದರೆ ಅಡಿಕೆ ಮರದ ಕಂಬ ನಿಲ್ಲಿಸಿ ಹಸಿರು ನೆರಳು ಬಲೆ ಕಟ್ಟಿ. ಚಪ್ಪರ ಹಾಕಿ ಹೀರೆ, ತೊಂಡೆ ಹಬ್ಬಿಸಿ. ಮಾಡುವುದು ಯಾವುದಾದರೂ ಇರಲಿ, ಸ್ಲ್ಯಾಬಿನ ಮೇಲೆ ಮಾಡಿ. ಫಾಲ್ಸ್ ಸೀಲಿಂಗ್ ಇರುವುದು ಸ್ಲ್ಯಾಬಿನ ಕೆಳಗೆ. ಕಳ್ಳ ಮನೆ ಒಳಗೆ ಬಂದ ಮೇಲೆ ಬೆಡ್‌ರೂಮಿಗೆ ಬೀಗ ಹಾಕಿದ ಹಾಗೆ.

ಎರಡನೆಯದು ಪಡುವಣದ ಕಿಟಕಿ. ಸಂಜೆ ಬಿಸಿಲು ಓರೆಯಾಗಿ ಬರುತ್ತದೆ, ನಿಮ್ಮ ಎರಡಡಿ ಸಜ್ಜಾದ ಕೆಳಗೆ ನುಸುಳಿ ಸೀದಾ ಹಾಸಿಗೆ ಮೇಲೆ ಬಂದು ಕೂರುತ್ತದೆ. ಪರದೆ ಹಾಕಿದ್ದೇವೆ ಎನ್ನುತ್ತೀರಿ. ಪರದೆ ಎಲ್ಲಿದೆ? ಒಳಗೆ. ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಪರದೆ ಕೋಣೆಯನ್ನು ಕಾಯಿಸುತ್ತದೆ. ಅದರ ಬದಲು ಹೊರಗೆ ಒಂದು ಬಿದಿರಿನ ತಟ್ಟಿ ಇಳಿಬಿಡಿ. ಲಾವಂಚದ ತಟ್ಟಿ ಸಿಕ್ಕರೆ ಇನ್ನೂ ವಾಸಿ, ನೀರು ಚಿಮುಕಿಸಿದರೆ ಘಮ ಬೇರೆ. ಮತ್ತೆ ಅದೇ ಮಾತು: ಬಿಸಿಲನ್ನು ಹೊರಗೇ ನಿಲ್ಲಿಸಿ. ನಮ್ಮಣ್ಣನ ನೀಲಿ ಗಾಜಿನ ಮುಂದೆ ಈಗ ಶಂಖಪುಷ್ಪದ ಬಳ್ಳಿ ಇದೆ. ಗಾಜು ಕಾಣುವುದೇ ಇಲ್ಲ. ಗಾಜಿಗೆ ಕೊಟ್ಟ ದುಡ್ಡು ನೆನೆದರೆ ಅವನಿಗೆ ಇವತ್ತಿಗೂ ಸಂಕಟ.

ಗಡಿಯಾರ ಓಡುತ್ತಿದೆ. ಮಳೆನೀರಿನ ಬಗ್ಗೆ ಹತ್ತು ನಿಮಿಷ ಬೇಕಿತ್ತು. ಇಷ್ಟು ನೆನಪಿಡಿ: ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲೂ 1000 ಚದರಡಿ ತಾರಸಿಯಿಂದ, ಪೋಲಾಗುವುದನ್ನು ಕಳೆದು, ವರ್ಷಕ್ಕೆ ಸುಮಾರು 40,000 ಲೀಟರ್. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ನೆಲದೊಳಗಿನ ಸಂಪ್ ತೊಟ್ಟಿಗೆ ತಿರುಗಿಸಿ. ಬೆಂಗಳೂರಿನಲ್ಲಿ ದೊಡ್ಡ ಸೈಟುಗಳಿಗೆ 2009ರಲ್ಲೇ ಇದನ್ನು ಕಾನೂನು ಮಾಡಿದರು. ನಮಗೆ ಕಾನೂನು ಬೇಕಾ? ಟ್ಯಾಂಕರಿಗೆ ಫೋನ್ ಮಾಡಿ ಕಾದು ಕೂತವರಿಗೆ ಅದೊಂದು ಸಾಲದೇ?

ಸೋಲಾರ್. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಕರೆಂಟ್ ಪುಕ್ಕಟೆ ಇರುವಾಗ ಸೋಲಾರ್ ಯಾಕೆ ಎಂದು ಮೊನ್ನೆ ಒಬ್ಬರು ಕೇಳಿದರು. ಅವರಿಗೆ ಹೇಳಿದೆ, ಪ್ಯಾನೆಲ್ಲಿನ ಕೆಳಗೆ ನೆರಳೂ ಬೀಳುತ್ತದೆ ಸ್ವಾಮಿ. ಫ್ಯಾನ್ ಬದಲಾಯಿಸುವುದಿದ್ದರೆ ಬಿಎಲ್‌ಡಿಸಿ ಫ್ಯಾನ್ ತನ್ನಿ. ಹಳೆಯದು 75 ವ್ಯಾಟ್ ತಿಂದರೆ ಇದು 30, 35ಕ್ಕೆ ಅಷ್ಟೇ ಗಾಳಿ ಕೊಡುತ್ತದೆ.

ಇನ್ನು ಒಡೆಯುವ ಹುಚ್ಚು. ದಯವಿಟ್ಟು ಬೇಡ. ಒಂದು ಟನ್ ಸಿಮೆಂಟ್, ಅಂದರೆ 20 ಚೀಲ, ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗಟ್ಟಿ ಇರುವ ಗೋಡೆಯನ್ನು ಫ್ಯಾಷನ್ನಿಗೆ ಒಡೆದು ಮತ್ತೆ ಕಟ್ಟಿಸಿ, ಆಮೇಲೆ ಎರಡು ಕುಂಡದಲ್ಲಿ ಗಿಡ ಇಟ್ಟು ಪರಿಸರಸ್ನೇಹಿ ಎಂದರೆ ನಾನು ಒಪ್ಪುವುದಿಲ್ಲ. ಮೇಲೆ ಒಂದು ಕೋಣೆ ಬೇಕೇ ಬೇಕು ಎಂದರೆ ಒತ್ತುಮಣ್ಣಿನ ಇಟ್ಟಿಗೆ ವಿಚಾರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಕೇಂದ್ರದವರು ಈ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಸುಡುವ ಕೆಲಸ ಇಲ್ಲ, ಗೂಡಿಗೆ ಸೌದೆ ಬೇಡ. ಅದರ ಬಗ್ಗೆ ಮತ್ತೊಮ್ಮೆ ಕರೆದರೆ ಹೇಳುತ್ತೇನೆ.

ಒಂದು ನಿಮಿಷ ಉಳಿದಿದೆ. ಪೆನ್ನು ತಗೊಳ್ಳಿ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರು. ಹಿಂದಿನ ದಿನವೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಬಡಗಿಗಳು ಬಳಸುವ ಬಿಳಿ ಅಂಟು ಸ್ವಲ್ಪ ಸೇರಿಸಿ. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಮುಗಿಸಿ, ಎರಡು ಕೋಟು. ಮಳೆಗೆ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಿರಿ. ದೊಡ್ಡಮ್ಮನ ಕಾಲದಲ್ಲಿ ವರ್ಷಕ್ಕೊಮ್ಮೆ ಮಣ್ಣು ಹೊರುತ್ತಿದ್ದರು, ನಿಮಗೆ ಒಂದು ಬಕೆಟ್ ಹೊರಲಾಗದೇ? ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಚಿಕ್ಕಮಕ್ಕಳನ್ನು ದೂರ ಇಡಿ. ಬಿಸಿಲು ಇಳಿದ ಮೇಲೆ ಬಳಿಯಿರಿ, ಬಳಿಯುವ ಮೊದಲು ತಾರಸಿ ಗುಡಿಸಿ ನೀರು ಚಿಮುಕಿಸಿ. ಒಣಗಿದ ಸಿಮೆಂಟಿಗೆ ಸುಣ್ಣ ಹಿಡಿಯುವುದಿಲ್ಲ. ನಾವು ಆವತ್ತು ಅದನ್ನು ಮರೆತಿದ್ದೆವು, ಹದಿನೈದು ದಿನಕ್ಕೆ ಪುಡಿಪುಡಿಯಾಗಿ ಎದ್ದು ಮತ್ತೆ ಬಳಿಯಬೇಕಾಯಿತು. ಎರಡನೇ ಸಲ ಬಳಿಯುವಾಗ ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು ಮೇಸ್ತ್ರಿಕೆ ಮಾಡಿದರು.

ನಮಸ್ಕಾರ.