ಸಂತೆ ಹೊಂಡದ ಈಜು

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗಕ್ಕೆ ಈಜುಕೊಳ ಬೇಕೆಂದು ಯಾರಾದರೂ ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತೇನೆ: ನಮಗೆ ಈಜುಕೊಳವಿತ್ತು, ಅದಕ್ಕೆ ನೀರು ಕೋಟೆಯಿಂದ ಇಳಿದು ಬರುತ್ತಿತ್ತು. ಅದು ಸಂತೆ ಹೊಂಡ.

ನೀರು ಬರುವ ದಾರಿಯನ್ನು ಗಮನಿಸಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಬರದ ಸೀಮೆ ನಮ್ಮದು. ಆದರೆ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಪಾಳೆಯಗಾರರ ಕಾಲದವರು ಅದನ್ನು ಬೆಟ್ಟದ ಮೇಲೆಯೇ ಹಿಡಿದರು. ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಹೂಳು ದಾರಿಯಲ್ಲೇ ತಳ ಸೇರುತ್ತಿತ್ತು. ಪಂಪು ಬೇಡ, ವಿದ್ಯುತ್ತು ಬೇಡ, ಇಳಿಜಾರು ಸಾಕು.

ಸಿಹಿನೀರು ಹೊಂಡಕ್ಕೆ ನಾವು ಹುಡುಗರು ಕಾಲಿಟ್ಟರೆ ಏಟು ಬೀಳುತ್ತಿತ್ತು. ಸಂತೆ ಹೊಂಡ ನಮ್ಮದು. ದಸರಾ ರಜೆಯ ಹೊತ್ತಿಗೆ ಅದು ತುಂಬಿರುತ್ತಿತ್ತು. ನನ್ನ ಸೋದರಮಾವ ಒಣಗಿದ ಸೋರೆ ಬುರುಡೆಗಳನ್ನು ಬೆನ್ನಿಗೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ, ಮೆಟ್ಟಿಲಿನಿಂದ ನೀರಿಗೆ ಬಿಡುತ್ತಿದ್ದರು. ಕೈ ಬಡಿಯುವುದು ಬಂದ ಮೇಲೆ ಒಂದು ಬುರುಡೆ ಬಿಚ್ಚುತ್ತಿದ್ದರು. ಮೈ ಒಂದು ಕಡೆ ವಾಲುತ್ತಿತ್ತು. ಅದನ್ನು ಸರಿಪಡಿಸಲು ಹೋಗಿ ಕಾಲು ತಾನಾಗಿ ಕೆಲಸ ಕಲಿಯುತ್ತಿತ್ತು.

ಸಂತೆಯ ದಿನ ಹಳ್ಳಿಗಳಿಂದ ಬಂದವರು ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು, “ಕಾಲು ಬಡಿಯೋ, ಕಾಲು!” ಎಂದು ಕೂಗುತ್ತಿದ್ದರು. ಒಮ್ಮೆ ಹಿರಿಯ ರೈತರೊಬ್ಬರು ನನ್ನ ಒದ್ದಾಟ ನೋಡಲಾರದೆ ರುಮಾಲು, ಅಂಗಿ ಕಳಚಿಟ್ಟು ತಾವೇ ಇಳಿದರು. ನನ್ನ ಗದ್ದವನ್ನು ಅಂಗೈಯಲ್ಲಿ ಹಿಡಿದು, ಉಸಿರು ಎಲ್ಲಿ ಬಿಡಬೇಕು, ಎಲ್ಲಿ ಎಳೆಯಬೇಕು ಎಂದು ತೋರಿಸಿದರು. ಆಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತು ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ನಮಗೆಲ್ಲ ಹಂಚಿದರು. ಅವರ ಹೆಸರನ್ನು ನಾವು ಕೇಳಲೇ ಇಲ್ಲ. ಅವರು ಕಲಿಸಿದ ಉಸಿರಿನಲ್ಲೇ ನಾನು ಇಂದಿಗೂ ಈಜುತ್ತೇನೆ, ನನ್ನ ಶಿಷ್ಯರಿಗೂ ಅದನ್ನೇ ಕಲಿಸುತ್ತೇನೆ.

ಉಳಿದ ಸಮಯದಲ್ಲಿ ಇಷ್ಟು ಹೇಳಿಬಿಡುತ್ತೇನೆ. ನಲ್ಲಿಗೆ ಶಾಂತಿಸಾಗರ ಕೆರೆಯ ನೀರು ಬಂದ ಮೇಲೆ ಹೊಂಡದ ಕಾಲುವೆಗಳನ್ನು ನೋಡುವವರು ಇಲ್ಲವಾದರು. ಕಸ ಬಿತ್ತು, ಚರಂಡಿ ಸೇರಿತು, ಈಜು ನಿಂತಿತು. ದಡಕ್ಕೆ ಬಣ್ಣ ಬಳಿದರೆ, ದೀಪ ಹಾಕಿದರೆ ನೀರು ತಿಳಿಯಾಗುವುದಿಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಮೊದಲು ಕೋಟೆಯಿಂದ ಇಳಿಯುವ ಕಾಲುವೆ ತೆರೆಯಬೇಕು, ಚರಂಡಿಯನ್ನು ಬೇರೆ ದಾರಿಗೆ ತಿರುಗಿಸಬೇಕು. ಈ ಕೆಲಸ ಮುಂಗಾರಿಗೆ ಮುಂಚೆಯೇ ಆಗಬೇಕು. ನಿಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕೇಳಿ. ನಮಸ್ಕಾರ.