ಸೂತ್ರವು ಕಾಗದಕ್ಕೆ ಇಳಿಯುವಾಗ

(ಮೈಸೂರಿನಲ್ಲಿ ನಡೆದ ಗಣಿತ ಶಿಕ್ಷಕರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಅಧ್ಯಕ್ಷರೇ, ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಗಣಿತ ಶಿಕ್ಷಕ ಮಿತ್ರರೇ,

ಅಂತರಜಾಲದಲ್ಲಿ ಪಾಠ ಬರೆಯುವ ಬಗೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಪಾಠ ತೆರೆಯ ಮೇಲೆ ಎಷ್ಟೇ ಚೆನ್ನಾಗಿ ಮೂಡಿದ್ದರೂ, ಪರೀಕ್ಷೆ ಹತ್ತಿರವಾದಾಗ ಅದು ಪಿಡಿಎಫ್ ಆಗಿ ಜೆರಾಕ್ಸ್ ಅಂಗಡಿಯ ಹಾದಿ ಹಿಡಿಯಲೇಬೇಕು. ಆ ಹಾದಿಯಲ್ಲಿ ಗದ್ಯಕ್ಕೆ ಅಂಥ ಅಪಾಯವೇನೂ ಆಗುವುದಿಲ್ಲ. ಕೈಕಾಲು ಮುರಿದುಕೊಳ್ಳುವುದು ಸೂತ್ರ. ಆದ್ದರಿಂದ ನನ್ನ ವಾದ ಒಂದೇ: ಸೂತ್ರದ ಮೂಲಬರಹವನ್ನು, ಅಂದರೆ ಗಣಕಕ್ಕೆ ಆದೇಶಗಳಲ್ಲಿ ಬರೆದುಕೊಟ್ಟ ರೂಪವನ್ನು, ಕಾಪಾಡಿಕೊಳ್ಳಿ, ತೆರೆಯ ಮೇಲೆ ಕಾಣುವ ರೂಪವನ್ನು ನಕಲು ಮಾಡಬೇಡಿ.

ಮಂಡ್ಯ ಕಡೆಯ ಶಿಕ್ಷಕರೊಬ್ಬರ ಪ್ರಸಂಗವನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಕೇಳಿದವರು ಕ್ಷಮಿಸಬೇಕು. ಅವರು ವರ್ಗಸಮೀಕರಣದ ಸೂತ್ರವಿದ್ದ ಪುಟವನ್ನು ಬ್ರೌಸರಿನಿಂದ ನಕಲು ಮಾಡಿ, ಬೇರೊಂದು ಕಡತಕ್ಕೆ ಅಂಟಿಸಿ, ಪಿಡಿಎಫ್ ಮಾಡಿ ಮಕ್ಕಳಿಗೆ ಹಂಚಿದರು. ಹಲಗೆಯ ಮೇಲೆ ‘ಎಕ್ಸ್ ವರ್ಗ ಮೈನಸ್ 5 ಎಕ್ಸ್ ಪ್ಲಸ್ 6, ಸಮ ಸೊನ್ನೆ’ ಎಂದು ಬರೆದು ಮೂಲಗಳನ್ನು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಇದಕ್ಕೆ ವಾಸ್ತವ ಮೂಲಗಳೇ ಇಲ್ಲ” ಎಂದಳು. 2 ಮತ್ತು 3 ಎಂಬ ಉತ್ತರಕ್ಕಾಗಿ ಕಾದಿದ್ದ ಶಿಕ್ಷಕರು ಮೊದಲು ಗದರಿದರು, ಆಮೇಲೆ ಅವಳ ಹಾಳೆಯನ್ನು ಕೈಗೆತ್ತಿಕೊಂಡರು. ನಕಲು ಮಾಡುವಾಗ, ಸೂತ್ರದ ವರ್ಗಮೂಲದೊಳಗಿನ ‘ಬಿ ವರ್ಗ ಮೈನಸ್ 4 ಎಸಿ’ ಎಂಬ ಶೋಧಕದಲ್ಲಿ ‘ಬಿ’ಯ ತಲೆಯ ಮೇಲಿದ್ದ 2 ಕೆಳಗಿಳಿದು ಪಕ್ಕದಲ್ಲಿ ಕುಳಿತಿತ್ತು. ಬಿ ಎಂದರೆ ಮೈನಸ್ 5. ಅವಳು ಅದನ್ನು ಎರಡರಿಂದ ಗುಣಿಸಿ ಮೈನಸ್ 10 ಮಾಡಿ, ಅದರಿಂದ 4 ಎಸಿ, ಅಂದರೆ 24 ಕಳೆದು, ಶೋಧಕ ಮೈನಸ್ 34 ಎಂದು ಕಂಡುಕೊಂಡಿದ್ದಳು. ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲವೆಂದು ಕಲಿಸಿದವರು ಅದೇ ಶಿಕ್ಷಕರು! ಸಂಜೆ ಅವರು ನೇರವಾಗಿ ಜೆರಾಕ್ಸ್ ಅಂಗಡಿಗೆ ಹೋಗಿ ಜಗಳ ತೆಗೆದರಂತೆ. ಅಂಗಡಿಯಾತ, “ಸಾರ್, ನೀವ್ ಕೊಟ್ಟಿದ್ದು ಕೊಟ್ಟಂಗೇ ತೆಗ್ದಿವ್ನಿ, ನಿಮ್ಮ ಎರಡ ನಾನ್ಯಾಕ್ ಕೆಳಿಕ್ಕೆ ಇಳಿಸಾನೆ?” ಎಂದನಂತೆ. ಆ ಮಾತಿಗೆ ಉತ್ತರವಿಲ್ಲ.

ಬಾಳೆಲೆಯಲ್ಲಿ ಉಪ್ಪಿಗೆ, ಕೋಸಂಬರಿಗೆ, ಪಲ್ಯಕ್ಕೆ ಗೊತ್ತಾದ ಜಾಗವಿರುವಂತೆ ಸೂತ್ರದಲ್ಲಿಯೂ ಪ್ರತಿಯೊಂದು ಅಕ್ಷರಕ್ಕೆ ಅದರ ಸ್ಥಾನವೇ ಅರ್ಥ ಕೊಡುತ್ತದೆ. ಬರಿಯ ಪಠ್ಯವಾಗಿ ಅಂಟಿಸಿದಾಗ ಅಕ್ಷರಗಳು ಬರುತ್ತವೆ, ಸ್ಥಾನ ಬರುವುದಿಲ್ಲ. 10ರ ಘಾತ 3 ಎಂಬುದು ನೂರಮೂರು ಆಗುತ್ತದೆ.

ಈ ತೊಂದರೆಗೆ ಹೆದರಿ ಹಲವರು ಸೂತ್ರದ ಸ್ಕ್ರೀನ್‌ಶಾಟ್ ತೆಗೆದು ಅಂಟಿಸುತ್ತಾರೆ. ಸ್ಥಾನವೇನೋ ಉಳಿಯುತ್ತದೆ, ಆದರೆ ಅಂಗುಲಕ್ಕೆ 96 ಚುಕ್ಕೆಗಳ ಲೆಕ್ಕದಲ್ಲಿ ತೆಗೆದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆ ಹಾಕುವ ಮುದ್ರಕಕ್ಕೆ ಕೊಟ್ಟರೆ, ಚಿತ್ರದ ಒಂದೊಂದು ಚುಕ್ಕೆಯೂ ಆರು ಚುಕ್ಕೆಗಳಷ್ಟು ಅಗಲವಾಗಿ ಹರಡಿ ಅಂಚುಗಳು ಮಸುಕಾಗುತ್ತವೆ. ಅದರ ಮೇಲೆ ಜೆರಾಕ್ಸ್, ಜೆರಾಕ್ಸಿನ ಜೆರಾಕ್ಸ್ ಆಗುವಷ್ಟರಲ್ಲಿ ಘಾತಾಂಕದ ಮೈನಸ್ ಚಿಹ್ನೆ ಅಳಿದೇ ಹೋಗುತ್ತದೆ. ವಿಕಿಪೀಡಿಯವೂ ಬಹುಕಾಲ ಸೂತ್ರಗಳನ್ನು ಇಂಥ ಚುಕ್ಕೆಚಿತ್ರಗಳಾಗಿಯೇ ತೋರಿಸುತ್ತಿದ್ದು, ಆಮೇಲೆ ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಎಂಬ ರೇಖಾಚಿತ್ರಗಳ ಕಡೆಗೆ ಹೊರಳಿತು.

ಮೂಲಬರಹದ ಮಾತು ಬಂದಾಗ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರನ್ನು ನೆನೆಯಲೇಬೇಕು. 1977ರಲ್ಲಿ ತಮ್ಮ ಗ್ರಂಥಮಾಲೆಯ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ, ಅದರ ಅಂದಗೇಡಿತನವನ್ನು ಸಹಿಸಲಾರದೆ ಅವರು ಅಕ್ಷರಜೋಡಣೆಯ ತಂತ್ರಾಂಶವನ್ನೇ ಬರೆಯಲು ಕುಳಿತರು. ಒಂದು ವರ್ಷದೊಳಗೆ ಮುಗಿದೀತೆಂದುಕೊಂಡ ಕೆಲಸ ಅವರ ಅನೇಕ ವರ್ಷಗಳನ್ನು ನುಂಗಿತು, ಮೂಡಿಬಂದದ್ದು ಟೆಕ್. ಪ್ರತಿ ತಿದ್ದುಪಡಿಗೂ ಅದರ ಆವೃತ್ತಿಸಂಖ್ಯೆ ‘ಪೈ’ಗೆ ಇನ್ನೊಂದು ಅಂಕಿಯಷ್ಟು ಹತ್ತಿರವಾಗುತ್ತದೆ ಎಂಬುದನ್ನು ಗಣಿತದ ಮೇಷ್ಟರುಗಳಾದ ನೀವು ಮೆಚ್ಚದೆ ಇರಲಾರಿರಿ. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್‌ನ ಗಣಿತ ಬರಹವೇ ಇಂದು ಅಂತರಜಾಲದಲ್ಲಿಯೂ ಸೂತ್ರ ಬರೆಯುವ ರೂಢಿಯ ಭಾಷೆಯಾಗಿದೆ.

ಬ್ರೌಸರಿನಲ್ಲಿ ಆ ಬರಹವನ್ನು ಸೂತ್ರವಾಗಿ ಬಿಡಿಸುವುದು ಮ್ಯಾಥ್‌ಜ್ಯಾಕ್ಸ್ ಅಥವಾ ಕೇಟೆಕ್ ಎಂಬ ಲಿಪಿಕೆ, ಅಂದರೆ ಪುಟದೊಳಗೇ ಓಡುವ ತಂತ್ರಾಂಶ. ಆ ಲಿಪಿಕೆಯನ್ನು ಓಡಿಸದ ಪರಿವರ್ತಕಕ್ಕೆ ಪುಟವನ್ನು ಒಪ್ಪಿಸಿದರೆ, ಪಿಡಿಎಫ್‌ನಲ್ಲಿ ಸೂತ್ರದ ಎರಡು ತುದಿಗಳನ್ನು ಗುರುತಿಸುವ ಡಾಲರ್ ಚಿಹ್ನೆಗಳೂ ಭಿನ್ನರಾಶಿ ಬರೆಯುವ ‘ಫ್ರಾಕ್’ ಎಂಬ ಆದೇಶವೂ ಹಸಿಹಸಿಯಾಗಿ ಅಚ್ಚಾಗುತ್ತವೆ. ಸೂತ್ರ ಹೇಗೆ ಕಾಣಬೇಕೆಂದು ಹೇಳುವ ಕೇಟೆಕ್‌ನ ಶೈಲಿಕಡತ ಜೊತೆಗೆ ಹೋಗದಿದ್ದರೆ ಒಂದೇ ಸೂತ್ರ ಎರಡೆರಡು ಸಲ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪುಟದಿಂದಲೇ ಮುದ್ರಿಸಬೇಕಾದಾಗ, ಸೂತ್ರಗಳೆಲ್ಲ ಪೂರ್ತಿ ಮೂಡುವವರೆಗೆ ಕಾದು, ಬ್ರೌಸರಿನ ಮುದ್ರಣದ ಆಯ್ಕೆಯಿಂದಲೇ ಪಿಡಿಎಫ್ ಉಳಿಸಿಕೊಳ್ಳುವುದು ಮೇಲು. ಉದ್ದನೆಯ ಸಮೀಕರಣವನ್ನು ತೆರೆಯ ಮೇಲೆ ಪಕ್ಕಕ್ಕೆ ಸರಿಸಿ ನೋಡಬಹುದು, ಕಾಗದದ ಮೇಲೆ ಅದು ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಅದನ್ನು ಸಮಚಿಹ್ನೆಯ ಬಳಿ ನೀವೇ ಎರಡು ಸಾಲಾಗಿ ಮುರಿಯಬೇಕು. ಮೂಲಬರಹ ಕೈಯಲ್ಲಿದ್ದರೆ ಇದು ಕ್ಷಣದ ಕೆಲಸ, ಚಿತ್ರವಿದ್ದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಇನ್ನು ಕನ್ನಡದ ವಿಷಯ. ನಮ್ಮ ಭಿನ್ನರಾಶಿಗಳ ಅಂಶದಲ್ಲಿ ‘ದೂರ’, ಛೇದದಲ್ಲಿ ‘ಕಾಲ’ ಎಂಬ ಮಾತುಗಳಿರುತ್ತವೆ. ಹಳೆಯ ಟೆಕ್ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಲು ಬಾರದು. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ, ಝೀಟೆಕ್ ಎಂಬ ಟೆಕ್‌ನ ಹೊಸ ರೂಪವು ಗಣಕದಲ್ಲಿರುವ ಯೂನಿಕೋಡ್ ಫಾಂಟುಗಳನ್ನೇ ಬಳಸುವುದರಿಂದ ಆ ತೊಡಕು ನಿವಾರಣೆಯಾಯಿತು. ಸೂತ್ರದೊಳಗಿನ ಕನ್ನಡ ಪದವನ್ನು ಪಠ್ಯವೆಂದು ಗುರುತಿಸುವ ಆದೇಶದೊಳಗೆ ಇಡುವುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ ಗಣಿತದ ಫಾಂಟಿನಲ್ಲಿ ಕನ್ನಡವಿಲ್ಲದೆ ಆ ಜಾಗ ಖಾಲಿ ಬೀಳುತ್ತದೆ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಊಟದ ಹೊತ್ತಾಯಿತೆಂದು ನಿಮ್ಮ ಮುಖಗಳೂ ಹೇಳುತ್ತಿವೆ. ಪ್ಯಾನ್‌ಡಾಕ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಒಂದೇ ಮೂಲಕಡತದಿಂದ ಜಾಲಪುಟ, ವರ್ಡ್ ಕಡತ, ಪಿಡಿಎಫ್ ಮೂರನ್ನೂ ಮಾಡಿಸುವ ಈ ತಂತ್ರಾಂಶವನ್ನು ರೂಪಿಸಿದವರು ಜಾನ್ ಮ್ಯಾಕ್‌ಫರ್ಲೇನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು, ಗಣಿತದವರಲ್ಲ. ಜಾಲಪುಟದಲ್ಲಿ ಸೂತ್ರದ ರಚನೆಯನ್ನೇ ಗುರುತಿಸಿ ಬರೆಯುವ, 1998ರಲ್ಲಿಯೇ ಮಾನಕವಾದ ಮ್ಯಾಥ್‌ಎಂಎಲ್ ಎಂಬ ಭಾಷೆಗೆ 2023ರಲ್ಲಿ ಕ್ರೋಮ್ ಬ್ರೌಸರು ಮತ್ತೆ ಬೆಂಬಲ ಕೊಟ್ಟಿದೆ. ದೃಷ್ಟಿದೋಷವುಳ್ಳ ಮಕ್ಕಳಿಗೆ ಸೂತ್ರವನ್ನು ಓದಿ ಹೇಳಿಸಲು ಅದು ನೆರವಾಗುತ್ತದೆ, ಸ್ಕ್ರೀನ್‌ಶಾಟ್ ನೆರವಾಗುವುದಿಲ್ಲ. ಮಧ್ಯಾಹ್ನದ ಅವಧಿಗೆ ಬರುವಾಗ ಪಿಡಿಎಫ್ ಬೇಡ, ನಿಮ್ಮ ಪಾಠದ ಮೂಲಕಡತವನ್ನೇ ಪೆನ್‌ಡ್ರೈವಿನಲ್ಲಿ ತನ್ನಿ; ವರ್ಗಮೂಲವಿರುವ ಒಂದು ಪುಟವನ್ನಾದರೂ ಇಲ್ಲಿಯೇ ಮುದ್ರಿಸಿ, ಜೆರಾಕ್ಸ್ ಮಾಡಿಸಿ ನೋಡೋಣ.